ಇಡಗುಂದಿಯ ಇಳಿಜಾರಿನಲ್ಲಿ ಗೇರಿನ ಲೆಕ್ಕ

ಯಲ್ಲಾಪುರದಲ್ಲಿ ಅಂಕೋಲೆಯ ಬಸ್ಸು ಹಿಡಿದು ಕಿಟಕಿಯ ಪಕ್ಕ ಕುಳಿತವರಿಗೆ ಮೊದಮೊದಲು ವಿಶೇಷವೇನೂ ಕಾಣುವುದಿಲ್ಲ. ಎರಡೂ ಬದಿಗೆ ಕಾಡು. ಕಾಡಿನ ನಡುವೆ ತುಂಡು ಗದ್ದೆ. ಗದ್ದೆಯಾಚೆ ತಗ್ಗಿನಲ್ಲಿ ಅಡಿಕೆ ತೋಟ, ತೋಟದ ತಲೆಯ ಮೇಲೊಂದು ಹೆಂಚಿನ ಮನೆ. ಹತ್ತು ಹದಿನೈದು ಕಿಲೋಮೀಟರ್ ಹೀಗೆಯೇ ಸಾಗಿ ಇಡಗುಂದಿ ದಾಟಿದ ಮೇಲೆ ಬಸ್ಸಿನ ದನಿ ಬದಲಾಗುತ್ತದೆ. ಅಲ್ಲಿಯವರೆಗೆ ಹಗುರವಾಗಿ ಗುನುಗುತ್ತಿದ್ದ ಎಂಜಿನ್ ಒಮ್ಮೆಲೇ ಗಂಟಲು ಬಿಗಿದುಕೊಂಡು ಗೊರಗುಟ್ಟತೊಡಗುತ್ತದೆ. ಚಾಲಕ ಗೇರು ಇಳಿಸಿದ್ದಾನೆ. ಮುಂದೆ ಅರಬೈಲು ಘಟ್ಟ.

ಉತ್ತರ ಕನ್ನಡದ ಜನರಿಗೆ ಈ ದನಿ ಹೊಸದಲ್ಲ. ಘಟ್ಟದ ಅಂಚಿನ ಊರುಗಳಲ್ಲಿ ರಾತ್ರಿ ಮಲಗಿದವರ ಕಿವಿಗೆ ಮಳೆಯ ಸದ್ದಿನೊಂದಿಗೆ ಬೆರೆತು ಬರುವುದು ಇದೇ ದನಿ. ಹತ್ತುವ ಲಾರಿಯ ಏದುಸಿರು ಬೇರೆ, ಇಳಿಯುವ ಲಾರಿಯ ಬಿಗಿದ ಗೊರಕೆ ಬೇರೆ. ಇಂಥ ಊರಿನಲ್ಲಿ ಬೆಳೆದ ಹುಡುಗನಿಗೆ ಯಾವ ಬಂಡಿ ಎಷ್ಟನೇ ಗೇರಿನಲ್ಲಿದೆ ಎಂದು ಕಣ್ಣು ಮುಚ್ಚಿಯೂ ಹೇಳುವ ವಿದ್ಯೆ ತಾನಾಗಿಯೇ ಬಂದಿರುತ್ತದೆ.

ಆದರೆ ಈಗ ಗೇರನ್ನೇ ಮುಟ್ಟದೆ ಓಡಿಸುವ ವಾಹನಗಳು ಬಂದಿವೆ. ಪಟ್ಟಣದಲ್ಲಿ ಕಲಿತ ಮಕ್ಕಳು ಅಂಥದ್ದೇ ಬೇಕೆನ್ನುತ್ತಾರೆ. ಘಟ್ಟದಲ್ಲಿ ಅದು ನಡೆಯುವುದಿಲ್ಲ ಎಂದು ಅಪ್ಪಂದಿರು ತಲೆಯಾಡಿಸುತ್ತಾರೆ. ಯಾರ ಮಾತು ಸರಿ? ಈ ಪ್ರಶ್ನೆಗೆ ಉತ್ತರ ಹುಡುಕಲು ಶೋರೂಮಿನ ಗಾಜಿನ ಮನೆಗಿಂತ ಇಡಗುಂದಿಯ ಈ ತಿರುವುಗಳೇ ಒಳ್ಳೆಯ ಜಾಗ.

ಹತ್ತಿಯಿಂದ ಅದಿರಿನವರೆಗೆ

ಯಲ್ಲಾಪುರ ಸಮುದ್ರ ಮಟ್ಟದಿಂದ ಸುಮಾರು 540 ಮೀಟರ್ ಎತ್ತರದಲ್ಲಿದೆ. ಅಂಕೋಲೆ ಕಡಲ ಪಕ್ಕದಲ್ಲೇ ಇದೆ. ನಡುವಿನ ಈ ಎತ್ತರದ ಬಹುಭಾಗವನ್ನು ರಸ್ತೆ ಅರಬೈಲು ಘಟ್ಟದಲ್ಲೇ ಕಳೆದುಕೊಳ್ಳುತ್ತದೆ. ಘಟ್ಟ ಇಳಿದ ಮೇಲೆ ಗುಳ್ಳಾಪುರ, ರಾಮನಗುಳಿ, ಸುಂಕಸಾಳಗಳ ಮೂಲಕ ಗಂಗಾವಳಿ ನದಿಯ ಕಣಿವೆ ಹಿಡಿದು ದಾರಿ ಸಾಗುತ್ತದೆ. ಘಟ್ಟದ ಮೇಲೆ ಬೇಡ್ತಿಯೆಂದು ಕರೆಸಿಕೊಂಡು ಮಾಗೋಡಿನಲ್ಲಿ ಧುಮುಕಿ ಬರುವ ಹೊಳೆಯೇ ಕೆಳಗೆ ಗಂಗಾವಳಿ. ನೀರಿಗೆ ಇಳಿಯುವುದು ಸುಲಭ. ಒಮ್ಮೆ ಹಾರಿದರಾಯಿತು. ಹೊರೆ ಹೊತ್ತ ಗಾಡಿಗೆ ಮಾತ್ರ ಒಂದೊಂದು ಮೀಟರನ್ನೂ ಹಿಡಿದು ಹಿಡಿದು ಇಳಿಯಬೇಕು.

1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರ, ಕುಮಟಾ ಬಂದರುಗಳಿಗೆ ತಲುಪಿಸುವುದು ಆ ಕಾಲದ ಆಡಳಿತಕ್ಕೆ ದೊಡ್ಡ ಚಿಂತೆಯಾಗಿತ್ತು. ಚಕ್ಕಡಿಗಳ ಸಾಲು ಘಟ್ಟ ಇಳಿಯುವಾಗ ಗಾಲಿಗೆ ಮರದ ತಡೆ ಬಿಗಿದು, ಎತ್ತುಗಳ ಹೆಗಲಿಗೆ ಹೊರೆ ಬೀಳದಂತೆ ನೋಡಿಕೊಳ್ಳಬೇಕಾಗಿತ್ತು. ಹತ್ತುವುದು ಎತ್ತಿನ ಬಲ, ಇಳಿಯುವುದು ಮನುಷ್ಯನ ಬುದ್ಧಿ. ಗಾಡಿ ಬದಲಾದರೂ ಈ ಮಾತು ಬದಲಾಗಿಲ್ಲ.

ಎತ್ತಿನ ಗಾಡಿಯ ಜಾಗಕ್ಕೆ ಲಾರಿ ಬಂತು. 1954ರಲ್ಲಿ ಟಾಟಾ ಕಂಪನಿ ಜರ್ಮನಿಯ ಡೈಮ್ಲರ್-ಬೆಂಝ್ ಜತೆ ಒಪ್ಪಂದ ಮಾಡಿಕೊಂಡು ಲಾರಿ ತಯಾರಿಸತೊಡಗಿತು. ಹಳಬರ ಬಾಯಲ್ಲಿ ಇಂದಿಗೂ ಉಳಿದಿರುವ ‘ಟಾಟಾ ಬೆಂಝ್’ ಅದೇ. ಅಂಕೋಲೆಯಿಂದ ಹುಬ್ಬಳ್ಳಿ, ಗದಗ, ಹೊಸಪೇಟೆ, ಬಳ್ಳಾರಿ ದಾಟಿ ಆಂಧ್ರದ ಗುತ್ತಿಯವರೆಗೆ ಹೋಗುವ ಈ ದಾರಿ 63ನೇ ರಾಷ್ಟ್ರೀಯ ಹೆದ್ದಾರಿ ಎನಿಸಿತು. ಹೆದ್ದಾರಿಗಳಿಗೆ ಹೊಸ ಸಂಖ್ಯೆ ಕೊಟ್ಟ ಮೇಲೆ ಹುಬ್ಬಳ್ಳಿ–ಅಂಕೋಲಾ ಭಾಗ ದಾಖಲೆಯಲ್ಲಿ 52 ಆಗಿದೆ. ಜನರ ಬಾಯಲ್ಲಿ ಮಾತ್ರ ಅದು ಅರವತ್ಮೂರೇ.

2000ದ ದಶಕದಲ್ಲಿ ಈ ರಸ್ತೆ ಕಂಡ ಭಾರ ಹಿಂದೆಂದೂ ಕಂಡದ್ದಲ್ಲ. ಬಳ್ಳಾರಿ, ಹೊಸಪೇಟೆ ಕಡೆಯ ಕಬ್ಬಿಣದ ಅದಿರು ಹೊತ್ತ ಲಾರಿಗಳು ಬೇಲೆಕೇರಿ ಬಂದರಿಗೆ ಹಗಲೂ ರಾತ್ರಿ ಇಳಿದವು. ದಾರಿ ಬದಿಯ ಎಲೆಗಳೆಲ್ಲ ಕೆಂಪಾದವು, ಡಾಂಬರು ಕಿತ್ತುಹೋಯಿತು. 2010ರಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ನಿಷೇಧಿಸಿದ ಮೇಲೆ ಆ ಸಾಲು ನಿಂತಿತು. ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಬರುತ್ತದೆಂಬ ಮಾತು 1990ರ ದಶಕದಿಂದ ಕೇಳಿಬರುತ್ತಿದೆ. ಕಾಡು ಕಡಿಯಬೇಕೋ ಬೇಡವೋ ಎಂಬ ವಾದದಲ್ಲಿ ಅದು ಇನ್ನೂ ಹಳಿ ಏರಿಲ್ಲ. ಹಾಗಾಗಿ ಘಟ್ಟದ ಮೇಲಿನ ಊರಿಗೂ ಕಡಲಿಗೂ ನಡುವೆ ಇಂದಿಗೂ ಕೊಂಡಿ ಎಂದರೆ ಗಾಲಿ, ಬ್ರೇಕು ಮತ್ತು ಗೇರು.

ಹತ್ತುವ ಗೇರಿನಲ್ಲೇ ಇಳಿ

ಗೇರು ಎಂದರೇನು? ಶಾಲೆಯ ವಿಜ್ಞಾನದಲ್ಲಿ ಓದಿದ ಸನ್ನೆಗೋಲೇ ಇಲ್ಲಿ ಹಲ್ಲಿನ ಚಕ್ರದ ರೂಪದಲ್ಲಿದೆ. ಉದ್ದದ ಹಾರೆಯಿಂದ ದೊಡ್ಡ ಕಲ್ಲು ಮೀಟುವಾಗ ಕೈ ಹೆಚ್ಚು ದೂರ ಹೋಗುತ್ತದೆ, ಕಲ್ಲು ಕೊಂಚವೇ ಅಲುಗುತ್ತದೆ, ಆದರೆ ಬಲ ಹಲವು ಪಟ್ಟು ಆಗುತ್ತದೆ. ಒಂದನೇ ಗೇರೂ ಹಾಗೆಯೇ. ಎಂಜಿನ್ ಹೆಚ್ಚು ಸುತ್ತು ತಿರುಗಿ ಗಾಲಿ ಕಡಿಮೆ ತಿರುಗುತ್ತದೆ, ಗಾಲಿಗೆ ಸಿಗುವ ಬಲ ಹೆಚ್ಚುತ್ತದೆ. ಮೇಲಿನ ಗೇರಿನಲ್ಲಿ ವೇಗ ಹೆಚ್ಚು, ಬಲ ಕಡಿಮೆ. ಗೇರು ಬದಲಿಸುವ ಕ್ಷಣದಲ್ಲಿ ಎಂಜಿನ್ನಿಗೂ ಗಾಲಿಗೂ ಇರುವ ನಂಟನ್ನು ತುಸು ಹೊತ್ತು ಬಿಡಿಸುವುದು ಕ್ಲಚ್ಚಿನ ಕೆಲಸ.

ಇದು ಹತ್ತುವಾಗಿನ ಮಾತಾಯಿತು. ಇಳಿಯುವಾಗ ಇದೇ ಲೆಕ್ಕ ತಿರುಗುಮುರುಗಾಗುತ್ತದೆ. ಈಗ ಗಾಲಿ ಎಂಜಿನ್ನನ್ನು ತಿರುಗಿಸಲು ನೋಡುತ್ತದೆ. ಸಣ್ಣ ಗೇರಿನಲ್ಲಿ ಎಂಜಿನ್ನನ್ನು ತಿರುಗಿಸುವುದು ಗಾಲಿಗೆ ಕಷ್ಟ. ಆ ಕಷ್ಟವೇ ಬಂಡಿಯನ್ನು ಹಿಡಿದು ನಿಲ್ಲಿಸುವ ಬಲ. ಇದನ್ನೇ ಚಾಲಕರು ‘ಎಂಜಿನ್ ಬ್ರೇಕ್’ ಎನ್ನುತ್ತಾರೆ. ಅದಕ್ಕೆ ಬೇರೆ ಉಪಕರಣ ಬೇಕಿಲ್ಲ, ಅದು ಬಿಸಿಯಾಗಿ ಸೋಲುವುದೂ ಇಲ್ಲ.

ಯಾವ ಗೇರಿನಲ್ಲಿ ಘಟ್ಟ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕು ಎಂಬುದು ಲಾರಿ ಚಾಲಕರಲ್ಲಿ ತಲೆಮಾರಿನಿಂದ ನಡೆದುಬಂದ ಸೂತ್ರ. ಇಳಿಜಾರು ಶುರುವಾಗುವ ಮುನ್ನವೇ ಆ ಗೇರು ಹಾಕಿಕೊಳ್ಳಬೇಕು ಎಂಬುದು ಅದರ ಎರಡನೆಯ ಭಾಗ. ಅದಕ್ಕೂ ಕಾರಣವಿದೆ. ಹಳೆಯ ಲಾರಿಗಳ ಗೇರು ಪೆಟ್ಟಿಗೆಯಲ್ಲಿ ಹಲ್ಲುಗಳ ವೇಗವನ್ನು ತಾನಾಗಿಯೇ ಹೊಂದಿಸಿಕೊಡುವ ವ್ಯವಸ್ಥೆ ಇರಲಿಲ್ಲ. ಚಾಲಕ ಕ್ಲಚ್ಚು ಒತ್ತಿ ನ್ಯೂಟ್ರಲ್‌ಗೆ ತಂದು, ಬಿಟ್ಟು, ಎಂಜಿನ್ನಿನ ವೇಗ ಏರಿಸಿ, ಮತ್ತೆ ಕ್ಲಚ್ಚು ಒತ್ತಿ ಕೆಳಗಿನ ಗೇರು ಹಾಕಬೇಕಿತ್ತು. ‘ಡಬಲ್ ಕ್ಲಚ್’ ಎಂಬ ಈ ಕಸರತ್ತು ಇಳಿಜಾರಿನ ನಡುವೆ ತಪ್ಪಿದರೆ ಕೆಳಗಿನ ಗೇರೂ ಬೀಳದೆ, ಮೇಲಿನ ಗೇರೂ ಸಿಗದೆ ಬಂಡಿ ನ್ಯೂಟ್ರಲ್‌ನಲ್ಲಿ ಉಳಿದುಬಿಡುತ್ತಿತ್ತು. ಆಮೇಲೆ ಉಳಿಯುವುದು ಬ್ರೇಕು ಮತ್ತು ದೇವರು ಮಾತ್ರ. ಆದ್ದರಿಂದಲೇ ಇಡಗುಂದಿಯ ಕಡೆಯಿಂದ ಘಟ್ಟಕ್ಕೆ ಇಳಿಯುವ ಬಂಡಿಯ ಗೇರಿನ ಸದ್ದು ಸಮತಟ್ಟಿನಲ್ಲೇ ಬದಲಾಗುತ್ತದೆ.

ಒಂದು ಹಂಡೆ ನೀರು

ಬ್ರೇಕನ್ನೇ ನಂಬಿ ಇಳಿದರೆ ಏನಾಗುತ್ತದೆ? ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಹೊರೆಯೂ ಸೇರಿ 16 ಟನ್ ತೂಗುವ ಲಾರಿ 100 ಮೀಟರ್ ಎತ್ತರವನ್ನು ಒಂದೇ ವೇಗದಲ್ಲಿ ಇಳಿದರೆ ಅದು ಕಳೆದುಕೊಳ್ಳುವ ಶಕ್ತಿ ಎಷ್ಟು? ತೂಕ, ಗುರುತ್ವ, ಎತ್ತರ ಮೂರನ್ನೂ ಗುಣಿಸಿದರೆ ಸುಮಾರು 1 ಕೋಟಿ 57 ಲಕ್ಷ ಜೂಲ್. ಈ ಶಕ್ತಿ ಎಲ್ಲಿಗೂ ಮಾಯವಾಗುವಂತಿಲ್ಲ. ಗಾಳಿಯ ತಡೆ ಮತ್ತು ಗಾಲಿಯ ಉಜ್ಜಾಟಕ್ಕೆ ಸ್ವಲ್ಪ ಹೋದರೂ ಬಹುಪಾಲು ಶಾಖವಾಗಲೇಬೇಕು. ಅಷ್ಟು ಶಾಖದಲ್ಲಿ 50 ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸಬಹುದು. ಮಲೆನಾಡಿನ ಬಚ್ಚಲ ಮನೆಯಲ್ಲಿ ಅದು ಒಂದು ಹಂಡೆ ನೀರು. ಪ್ರತಿ 100 ಮೀಟರ್ ಇಳಿತಕ್ಕೂ ಒಂದೊಂದು ಹಂಡೆ.

ಇನ್ನೊಂದು ಬಗೆಯಲ್ಲೂ ನೋಡಬಹುದು. ನೂರು ಮೀಟರ್ ಉದ್ದಕ್ಕೆ ಆರು ಮೀಟರ್ ಇಳಿಯುವ ದಾರಿಯಲ್ಲಿ ಅದೇ ಲಾರಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಸಾಗಿದರೆ ಹುಟ್ಟುವ ಶಾಖ ಸುಮಾರು 100 ಕಿಲೋವ್ಯಾಟ್. ಸ್ನಾನದ ಮನೆಯ ಎರಡು ಕಿಲೋವ್ಯಾಟ್ ಗೀಸರುಗಳನ್ನು ಐವತ್ತು ಒಟ್ಟಿಗೆ ಹಚ್ಚಿದಂತೆ. ವೇಗ 20ಕ್ಕೆ ಇಳಿದರೆ ಇಪ್ಪತ್ತೈದು ಗೀಸರು. ನಿಧಾನವಾಗಿ ಇಳಿಯಿರಿ ಎಂಬ ಫಲಕದ ಹಿಂದಿರುವುದು ಬರಿಯ ಉಪದೇಶವಲ್ಲ, ಈ ಲೆಕ್ಕ.

ಇಷ್ಟನ್ನೂ ಬ್ರೇಕಿನ ಲೈನರುಗಳೇ ನುಂಗಬೇಕಾದರೆ ಅವು ಕಾದು, ಹಿಡಿತ ಕಳೆದುಕೊಳ್ಳುತ್ತವೆ. ಘಟ್ಟದ ಬುಡದಲ್ಲಿ ನಿಂತ ಬಂಡಿಗಳಿಂದ ಬರುವ ಸುಟ್ಟ ವಾಸನೆ ಅದೇ. ಜೀಪು, ಕಾರುಗಳಲ್ಲಿ ಬ್ರೇಕಿನ ಎಣ್ಣೆ ಹಳೆಯದಾಗಿ ನೀರಿನಂಶ ಹೀರಿಕೊಂಡಿದ್ದರೆ ಅದು ಕುದಿದು ಗುಳ್ಳೆಯಾಗುತ್ತದೆ. ಆಗ ಕಾಲಿಟ್ಟರೆ ಪೆಡಲು ಮೆತ್ತಗೆ ನೆಲ ಮುಟ್ಟುತ್ತದೆ, ಬಂಡಿ ಮಾತ್ರ ನಿಲ್ಲುವುದಿಲ್ಲ. ಡೀಸೆಲ್ ಎಂಜಿನ್ನಿನ ಹಿಡಿತ ಭಾರದ ಬಂಡಿಗೆ ಸಾಲದು ಎಂದೇ ಲಾರಿಗಳಲ್ಲಿ ಹೊಗೆ ಹೋಗುವ ದಾರಿಯನ್ನು ಮುಚ್ಚಿ ಎಂಜಿನ್ನನ್ನು ಇನ್ನಷ್ಟು ಬಿಗಿಯುವ ‘ಎಕ್ಸಾಸ್ಟ್ ಬ್ರೇಕ್’ ಇಟ್ಟಿರುತ್ತಾರೆ.

ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಆರಿಸಿ, ನ್ಯೂಟ್ರಲ್‌ನಲ್ಲಿ ಬಿಡುವ ಕೆಟ್ಟ ಚಾಳಿಯೊಂದಿದೆ. ಇದಕ್ಕಿಂತ ಅಪಾಯದ ಉಳಿತಾಯ ಮತ್ತೊಂದಿಲ್ಲ. ಎಂಜಿನ್ ಆರಿದರೆ ಕಾರಿನ ಬ್ರೇಕಿಗೆ ನೆರವಾಗುವ ನಿರ್ವಾತವೂ ಇಲ್ಲ, ಲಾರಿಯ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರೂ ಇಲ್ಲ, ಸ್ಟಿಯರಿಂಗ್ ಕಲ್ಲಿನಂತಾಗುತ್ತದೆ. ಅಷ್ಟಕ್ಕೂ ಈಗಿನ ಎಂಜಿನ್ನುಗಳಲ್ಲಿ ಇದರಿಂದ ಉಳಿತಾಯವೂ ಇಲ್ಲ. ಗೇರಿನಲ್ಲಿದ್ದು ಎಕ್ಸಲರೇಟರಿನಿಂದ ಕಾಲು ತೆಗೆದರೆ ಎಂಜಿನ್ ಇಂಧನ ಸಿಂಪಡಿಸುವುದನ್ನೇ ನಿಲ್ಲಿಸುತ್ತದೆ. ಗಾಲಿಯೇ ಅದನ್ನು ತಿರುಗಿಸುತ್ತಿರುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿದ್ದರೆ ಅದಕ್ಕೆ ಇಂಧನ ಬೇಕೇ ಬೇಕು. ಉಳಿತಾಯವೂ ಸುರಕ್ಷತೆಯೂ ಒಂದೇ ಗೇರಿನಲ್ಲಿವೆ.

ಈ ದಾರಿಯ ಬೆಲೆ ಏನೆಂಬುದನ್ನು ಜಿಲ್ಲೆ ಮರೆತಿಲ್ಲ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹಣ್ಣು, ತರಕಾರಿ ಹೇರಿಕೊಂಡು ಹೊರಟಿದ್ದ ಲಾರಿಯೊಂದು ಗುಳ್ಳಾಪುರದ ಸಮೀಪ ರಸ್ತೆಯಿಂದ ಉರುಳಿತು. ಸರಕಿನ ಜತೆಗೇ ಕುಳಿತಿದ್ದ ವ್ಯಾಪಾರಿಗಳಲ್ಲಿ ಹತ್ತು ಮಂದಿ ತೀರಿಕೊಂಡರು. ಎದುರಿನ ವಾಹನಕ್ಕೆ ದಾರಿ ಬಿಡಲು ಹೋದಾಗ ಹೀಗಾಯಿತೆಂದು ಆಗ ವರದಿಯಾಗಿತ್ತು. ಅದಕ್ಕೆ ಗೇರೇ ಕಾರಣವೆಂದು ಇಲ್ಲಿ ಹೇಳುತ್ತಿಲ್ಲ. ಕತ್ತಲೆ, ಕಡಿದಾದ ಅಂಚು, ಸರಕಿನ ಮೇಲೆ ಮನುಷ್ಯರು ಎಲ್ಲ ಕೂಡಿದಾಗ ಘಟ್ಟ ತಪ್ಪನ್ನು ಮನ್ನಿಸುವುದಿಲ್ಲ ಎಂಬುದಷ್ಟೇ ಅದರಿಂದ ಕಲಿಯಬೇಕಾದ್ದು.

ತಾನೇ ಬದಲಾಗುವ ಗೇರು

ಗೇರು ತಾನಾಗಿಯೇ ಬದಲಾಗುವ ವಾಹನ ಹೊಸ ಕಲ್ಪನೆಯೇನಲ್ಲ. ಅಮೆರಿಕದ ಜನರಲ್ ಮೋಟರ್ಸ್ ಕಂಪನಿ ‘ಹೈಡ್ರಾಮ್ಯಾಟಿಕ್’ ಎಂಬ ಪೂರ್ಣ ಸ್ವಯಂಚಾಲಿತ ಗೇರು ಪೆಟ್ಟಿಗೆಯನ್ನು 1939ರಲ್ಲೇ ಮಾರುಕಟ್ಟೆಗೆ ತಂದಿತ್ತು. ನಮ್ಮಲ್ಲಿ ಅದು ಬಹುಕಾಲ ಶ್ರೀಮಂತರ ಕಾರಿನ ಸೊತ್ತಾಗಿತ್ತು. 2014ರಲ್ಲಿ ಮಾರುತಿ ಸೆಲೆರಿಯೊ ಬಂದ ಮೇಲೆ ಮಧ್ಯಮ ವರ್ಗದ ಮನೆಗೂ ಕ್ಲಚ್ಚಿಲ್ಲದ ಕಾರು ಕಾಲಿಟ್ಟಿತು.

‘ಆಟೋಮ್ಯಾಟಿಕ್’ ಎಂಬ ಒಂದೇ ಹೆಸರಿನ ಹಿಂದೆ ಬೇರೆ ಬೇರೆ ಯಂತ್ರಗಳಿವೆ. ಕೊಳ್ಳುವವರು ಮೊದಲು ತಿಳಿಯಬೇಕಾದ್ದು ಇದನ್ನೇ.

ಮೊದಲನೆಯದು ಎ.ಎಂ.ಟಿ. ಇದರೊಳಗೆ ಇರುವುದು ಸಾಮಾನ್ಯ ಗೇರು ಪೆಟ್ಟಿಗೆಯೇ, ಸಾಮಾನ್ಯ ಕ್ಲಚ್ಚೇ. ಮನುಷ್ಯನ ಕಾಲು, ಕೈಗಳ ಬದಲು ಪುಟ್ಟ ಯಂತ್ರವೊಂದು ಕ್ಲಚ್ಚು ಒತ್ತಿ ಗೇರು ಹಾಕುತ್ತದೆ. ಬೆಲೆ ಕಡಿಮೆ, ಇಂಧನವೂ ಹೆಚ್ಚು ಬೇಡದು. ಆದರೆ ಏರಿನಲ್ಲಿ ನಿಂತು ಮತ್ತೆ ಹೊರಡುವಾಗ ಕ್ಷಣಕಾಲ ಯೋಚಿಸಿದಂತೆ ಮಾಡುತ್ತದೆ. ಹಿಂದಕ್ಕೆ ಜಾರದಂತೆ ಹಿಡಿಯುವ ವ್ಯವಸ್ಥೆ ಇಲ್ಲದ ಬಂಡಿಯಾದರೆ ಕೈಬ್ರೇಕು ಬಳಸಲೇಬೇಕು. ಏರಿನಲ್ಲಿ ಎಕ್ಸಲರೇಟರನ್ನೇ ಅರೆ ಒತ್ತಿ ಬಂಡಿಯನ್ನು ನಿಲ್ಲಿಸಿಕೊಳ್ಳುವವರು ಕ್ಲಚ್ಚನ್ನು ಸುಡುತ್ತಾರೆ.

ಎರಡನೆಯದು ಟಾರ್ಕ್ ಕನ್ವರ್ಟರ್. ಎಣ್ಣೆ ತುಂಬಿದ ಡಬ್ಬಿಯೊಳಗೆ ಎರಡು ಫ್ಯಾನುಗಳನ್ನು ಎದುರುಬದುರು ಇಟ್ಟಂತೆ ಇದರ ರಚನೆ. ಎಂಜಿನ್ ಒಂದನ್ನು ತಿರುಗಿಸಿದರೆ ಎಣ್ಣೆಯ ರಭಸಕ್ಕೆ ಇನ್ನೊಂದು ತಿರುಗುತ್ತದೆ. ಹೊರಡುವಾಗ ಇದು ಬಲವನ್ನು ಹೆಚ್ಚಿಸಿಯೂ ಕೊಡುತ್ತದೆ. ಕೆಸರಿನಲ್ಲಿ, ಕಡಿದಾದ ಏರಿನಲ್ಲಿ ತೆವಳುತ್ತಾ ಹತ್ತಲು ಇದಕ್ಕಿಂತ ನಯವಾದದ್ದು ಇಲ್ಲ. ದೊಡ್ಡ ಜೀಪು ಮಾದರಿಯ ಬಂಡಿಗಳಲ್ಲಿ ಹೆಚ್ಚಾಗಿ ಇರುವುದು ಇದೇ. 2020ರಲ್ಲಿ ಬಂದ ಹೊಸ ಥಾರ್‌ನಲ್ಲಿ ಆರು ಗೇರುಗಳದ್ದು, 2023ರಲ್ಲಿ ಬಂದ ಜಿಮ್ನಿಯಲ್ಲಿ ನಾಲ್ಕು ಗೇರುಗಳದ್ದು. ಎರಡರಲ್ಲೂ ಕೈಯಿಂದ ಹಾಕುವ ಗೇರಿನ ಮಾದರಿಯೂ ಉಂಟು.

ಇವಲ್ಲದೆ ಬೆಲ್ಟಿನ ಮೇಲೆ ನಡೆಯುವ ಸಿ.ವಿ.ಟಿ. ಮತ್ತು ಎರಡು ಕ್ಲಚ್ಚಿನ ಡಿ.ಸಿ.ಟಿ. ಎಂಬವೂ ಇವೆ. ಪೇಟೆಗೆ, ಹೆದ್ದಾರಿಗೆ ಇವು ಸೊಗಸು. ಡಿ.ಸಿ.ಟಿ.ಯಲ್ಲಿ ಒಣ ಕ್ಲಚ್ಚಿನ ಬಗೆಯದಾದರೆ ಘಟ್ಟದಲ್ಲಿ ವಾಹನಗಳ ಸಾಲಿನ ಹಿಂದೆ ಇಂಚಿಂಚು ಹತ್ತುವಾಗ ಬಿಸಿಯಾಗುವ ಭಯವಿದೆ.

ಇಳಿಜಾರಿನಲ್ಲಿ ಆಟೋಮ್ಯಾಟಿಕ್ ಬಂಡಿ ಹಿಡಿತಕ್ಕೆ ಸಿಗುವುದಿಲ್ಲ ಎಂಬುದು ಹಿರಿಯರ ದೊಡ್ಡ ಅನುಮಾನ. ಇದರಲ್ಲಿ ಅರ್ಧ ಸತ್ಯವಿದೆ. ‘ಡಿ’ ಎಂಬಲ್ಲಿಯೇ ಬಿಟ್ಟು ಇಳಿದರೆ ಹಲವು ಬಂಡಿಗಳು ಕಾಲು ಹಗುರವಾದದ್ದನ್ನು ನೋಡಿ ಮೇಲಿನ ಗೇರಿಗೆ ಹೋಗಿಬಿಡುತ್ತವೆ. ಆಗ ಎಂಜಿನ್ನಿನ ಹಿಡಿತ ಸಡಿಲವಾಗುತ್ತದೆ, ಚಾಲಕ ಬ್ರೇಕು ಒತ್ತುತ್ತಲೇ ಇರಬೇಕಾಗುತ್ತದೆ. ಆದರೆ ಇಂಥ ಬಂಡಿಗಳಲ್ಲೂ ‘ಎಂ’, ‘ಎಲ್’ ಅಥವಾ ‘2’ ಎಂದು ಗುರುತು ಮಾಡಿದ ಜಾಗವಿರುತ್ತದೆ. ಅಲ್ಲಿಗೆ ಹಾಕಿ ಸಣ್ಣ ಗೇರನ್ನು ಹಿಡಿದಿಟ್ಟುಕೊಂಡರೆ ಬಂಡಿ ಮ್ಯಾನ್ಯುಯಲ್ಲಿನಂತೆಯೇ ಬಿಗಿಯಾಗಿ ಇಳಿಯುತ್ತದೆ. ದೋಷ ಯಂತ್ರದ್ದಲ್ಲ, ಆ ಗುರುತಿನ ಅರ್ಥವನ್ನು ಕೇಳದೆ ಕೀಲಿಕೈ ತೆಗೆದುಕೊಂಡು ಬಂದವರದ್ದು.

ಲಾರಿಗಳ ಲೋಕದಲ್ಲೂ ಬದಲಾವಣೆ ನಡೆದಿದೆ. 1998ರಲ್ಲಿ ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕಾರ್ಖಾನೆ ತೆರೆದ ವೋಲ್ವೊ ಕಂಪನಿ 2001ರಲ್ಲಿ ಯೂರೋಪಿನಲ್ಲಿ ‘ಐ-ಶಿಫ್ಟ್’ ಎಂಬ ತಾನೇ ಬದಲಾಗುವ ಗೇರನ್ನು ಭಾರದ ಲಾರಿಗಳಿಗೆ ಅಳವಡಿಸಿತು. ಮುಂದೆ ಭಾರತದ ಕಂಪನಿಗಳೂ ಎ.ಎಂ.ಟಿ. ಲಾರಿಗಳನ್ನು ತಂದವು. ದಿನಕ್ಕೆ ನೂರಾರು ಸಲ ಕ್ಲಚ್ಚು ಒತ್ತಿ ಎಡ ಮೊಣಕಾಲು ಸವೆಸಿಕೊಂಡ ಚಾಲಕನಿಗೆ ಇದು ವರವೇ. ಆದರೂ ಘಟ್ಟದಲ್ಲಿ ಓಡುವ ಬಹುಪಾಲು ಲಾರಿಗಳಲ್ಲಿ ಗೇರಿನ ಕೋಲು ಇನ್ನೂ ಚಾಲಕನ ಕೈಯಲ್ಲೇ ಇದೆ. ಬೆಲೆ ಒಂದು ಕಾರಣ. ದಾರಿ ಮಧ್ಯೆ ಕೆಟ್ಟರೆ ಯಾರು ರಿಪೇರಿ ಮಾಡುತ್ತಾರೆ ಎಂಬುದು ಇನ್ನೊಂದು.

ತೋಟದ ಮನೆಯ ಜೀಪು

ಹೆದ್ದಾರಿಯಿಂದ ಒಳಗೆ ವಜ್ರಳ್ಳಿ, ಕಳಚೆಯ ಕಡೆಗೆ ಹೊರಳಿದರೆ ಇನ್ನೊಂದು ಲೋಕ. ಇಲ್ಲಿನ ಮನೆಗಳು ಒಂದರಿಂದೊಂದು ದೂರ. ಕೆಂಪು ಮಣ್ಣಿನ ದಾರಿ, ಹಳ್ಳ, ಸಂಕ, ಮತ್ತೆ ಏರು. ಮಳೆಗಾಲದಲ್ಲಿ ದಾರಿಯ ಮೇಲೆಯೇ ನೀರು ಹರಿದು ಗಾಲಿಯ ಜಾಡು ಕಾಲುವೆಯಾಗುತ್ತದೆ. ಇಂಥಲ್ಲಿ ಜೀಪು ಶೋಕಿಯ ವಸ್ತುವಲ್ಲ. ಗೊಬ್ಬರ ತರುವುದು, ಅಡಿಕೆ ಮೂಟೆಯನ್ನು ಯಲ್ಲಾಪುರದ ಮಂಡಿಗೆ ಒಯ್ಯುವುದು, ಮದುವೆ ಮನೆಗೆ ಪಾತ್ರೆ ಸಾಗಿಸುವುದು, ಹೆರಿಗೆ ನೋವಿನವಳನ್ನು ಆಸ್ಪತ್ರೆಗೆ ಮುಟ್ಟಿಸುವುದು ಎಲ್ಲವೂ ಅದರದೇ ಕೆಲಸ. ಮಹೀಂದ್ರ ಕಂಪನಿ ಸ್ವಾತಂತ್ರ್ಯ ಬಂದ ಕಾಲದಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಿ ಮಾರತೊಡಗಿದ ಮೇಲೆ ಅದರ ಮರಿ, ಮೊಮ್ಮರಿಗಳು ಮಲೆನಾಡಿನ ಅಂಗಳಗಳಲ್ಲಿ ಬೀಡುಬಿಟ್ಟವು.

ನಾಲ್ಕೂ ಗಾಲಿಗೆ ಬಲ ಕೊಡುವ ಜೀಪುಗಳಲ್ಲಿ ಮುಖ್ಯ ಗೇರಿನ ಪಕ್ಕದಲ್ಲಿ ಇನ್ನೊಂದು ಸಣ್ಣ ಕೋಲಿರುತ್ತದೆ. ಅದನ್ನು ‘ಲೋ’ಗೆ ಹಾಕಿದರೆ ಪ್ರತಿ ಗೇರಿನ ಬಲವೂ ಸುಮಾರು ಎರಡೂವರೆ ಪಟ್ಟು ಆಗುತ್ತದೆ. ತೋಟದ ಕಡಿದಾದ ದಾರಿಯಲ್ಲಿ ಅದನ್ನು ಹಾಕಿ ಕಾಲನ್ನು ಎಲ್ಲ ಪೆಡಲಿನಿಂದಲೂ ತೆಗೆದರೆ ಜೀಪು ಆಮೆಯಂತೆ ತಾನೇ ಇಳಿಯುತ್ತದೆ. ಈ ಗುಣ ಕೈಗೇರಿನ ಬಂಡಿಗೂ ಉಂಟು, ಆಟೋಮ್ಯಾಟಿಕ್ ಬಂಡಿಗೂ ಉಂಟು. ಕಾಡುದಾರಿಯವರು ಮೊದಲು ಕೇಳಬೇಕಾದ ಪ್ರಶ್ನೆ ‘ಆಟೋಮ್ಯಾಟಿಕ್ಕೋ ಅಲ್ಲವೋ’ ಎಂದಲ್ಲ, ‘ಲೋ ಗೇರು ಇದೆಯೋ ಇಲ್ಲವೋ’ ಎಂದು.

ಕೈಗೇರಿನ ಪರವಾಗಿ ಹೇಳಬೇಕಾದ್ದೂ ಬಹಳವಿದೆ. ಬೆಲೆ ಕಡಿಮೆ. ಕ್ಲಚ್ ಪ್ಲೇಟು ಸವೆದರೆ ತಾಲ್ಲೂಕು ಕೇಂದ್ರದ ಮೇಸ್ತ್ರಿಯೇ ಬದಲಿಸಬಲ್ಲ. ಬ್ಯಾಟರಿ ಸತ್ತ ಬೆಳಿಗ್ಗೆ ಮನೆಯ ಮುಂದಿನ ಇಳಿಜಾರಿನಲ್ಲಿ ತಳ್ಳಿ ಎಂಜಿನ್ ಎಬ್ಬಿಸಬಹುದು. ಮಲೆನಾಡಿನಲ್ಲಿ ಜೀಪನ್ನು ತಲೆ ತಗ್ಗಿಸಿ ನಿಲ್ಲಿಸುವ ರೂಢಿ ಬಂದದ್ದೇ ಹಾಗೆ. ಆಟೋಮ್ಯಾಟಿಕ್ ಬಂಡಿ ತಳ್ಳಿದರೆ ಏಳುವುದಿಲ್ಲ. ಕೆಟ್ಟರೆ ಹಗ್ಗ ಕಟ್ಟಿ ಎಳೆದೊಯ್ಯುವುದಕ್ಕೂ ನಿಬಂಧನೆಗಳಿವೆ. ಹಾಗೆ ಎಳೆದರೆ ಒಳಗಿನ ಎಣ್ಣೆಯ ಪಂಪು ತಿರುಗದೆ ಗೇರು ಪೆಟ್ಟಿಗೆ ಹಾಳಾಗಬಹುದು. ಅದರ ಎಣ್ಣೆ, ಅದರ ವಿದ್ಯುನ್ಮಾನ ಎಲ್ಲಕ್ಕೂ ಕಂಪನಿಯ ಬಾಗಿಲಿಗೇ ಹೋಗಬೇಕು.

ಯಾರು ಓಡಿಸುತ್ತಾರೆ?

ಇಷ್ಟೆಲ್ಲ ತೂಗಿದ ಮೇಲೆ ಕೈಗೇರೇ ಗೆದ್ದಂತೆ ಕಾಣಬಹುದು. ಆದರೆ ಇಡಗುಂದಿ ಸುತ್ತಿನ ಮನೆಗಳಲ್ಲಿ ಇನ್ನೊಂದು ಪ್ರಶ್ನೆ ಇದೆ. ಅದು ಬಂಡಿಯ ಕುರಿತಾದದ್ದಲ್ಲ, ಮನೆಯ ಕುರಿತಾದದ್ದು.

ಈ ಸೀಮೆಯ ಮಕ್ಕಳು ಓದಿ ಹುಬ್ಬಳ್ಳಿಗೆ, ಬೆಂಗಳೂರಿಗೆ, ಅದರಾಚೆಗೆ ಹೋಗಿದ್ದಾರೆ. ಎಷ್ಟೋ ತೋಟದ ಮನೆಗಳಲ್ಲಿ ಈಗ ಉಳಿದವರು ಅಪ್ಪ, ಆಯಿ ಇಬ್ಬರೇ. ಅಂಗಳದಲ್ಲಿ ಜೀಪು ಇದೆ. ಆದರೆ ಅರವತ್ತು ದಾಟಿದ ಅಪ್ಪನ ಎಡ ಮೊಣಕಾಲಿಗೆ ಕ್ಲಚ್ಚು ಭಾರವಾಗುತ್ತಿದೆ. ಆಯಿ ಕಲಿಯಲೇ ಇಲ್ಲ. ಕಲಿಸಲು ಯಾರೂ ಮುಂದಾಗಲಿಲ್ಲ. ರಾತ್ರಿ ಎದೆನೋವು ಬಂದರೆ ಯಲ್ಲಾಪುರದ ಆಸ್ಪತ್ರೆ ಮುಟ್ಟಬೇಕು. ಅಲ್ಲಿಂದ ಮುಂದಕ್ಕೆ ಕಳಿಸಿದರೆ ಹುಬ್ಬಳ್ಳಿ ಮತ್ತೆ ಎಪ್ಪತ್ತು ಕಿಲೋಮೀಟರ್. ಆ ರಾತ್ರಿ ಅಂಗಳದ ಬಂಡಿ ಎಷ್ಟು ಬಲದ್ದು ಎಂಬುದಕ್ಕಿಂತ ಮನೆಯಲ್ಲಿ ಎಚ್ಚರವಿರುವವರು ಅದನ್ನು ಓಡಿಸಬಲ್ಲರೇ ಎಂಬುದು ಮುಖ್ಯವಾಗುತ್ತದೆ. ಕ್ಲಚ್ಚು ಇಲ್ಲದ ಬಂಡಿಯಾದರೆ ಆಯಿಯೂ ಓಡಿಸಬಹುದಿತ್ತು ಎಂದು ಮಗಳು ದೂರದೂರಿನಿಂದ ವಾದಿಸುವುದರಲ್ಲಿ ಶೋಕಿಯಿಲ್ಲ, ಕಾಳಜಿಯಿದೆ. ಹಾಗೆಯೇ ತನ್ನ ಕೈಯಲ್ಲಿ ಮಾತ್ರ ಬಾಗುವ ಹಳೆಯ ಜೀಪನ್ನು ಬಿಡಲಾರೆನೆಂಬ ಅಪ್ಪನ ಹಟದಲ್ಲೂ ಬರಿಯ ಮೊಂಡುತನವಿಲ್ಲ. ಅದನ್ನು ಬಿಟ್ಟರೆ ತನಗೆ ವಯಸ್ಸಾಯಿತೆಂದು ಒಪ್ಪಿಕೊಂಡಂತೆ.

ಈ ವಾದಕ್ಕೆ ಒಂದೇ ತೀರ್ಪು ಕೊಡಲಾಗದು. ಹಣ ಹಿಡಿತದಲ್ಲಿರಬೇಕು, ಬಂಡಿ ಸರಕು ಹೊರಬೇಕು, ಓಡಿಸುವವರು ಗಟ್ಟಿಮುಟ್ಟಾಗಿದ್ದಾರೆ ಎಂದರೆ ಕೈಗೇರು ಸಾಕು. ಮನೆಯ ಎಲ್ಲರೂ ಓಡಿಸಬೇಕು, ಮೊಣಕಾಲು ಸೋತಿದೆ, ಪೇಟೆಯ ಓಡಾಟವೂ ಇದೆ ಎಂದರೆ ಹೆಚ್ಚಿನ ಹಣ ಕೊಟ್ಟು ಆಟೋಮ್ಯಾಟಿಕ್ ಕೊಳ್ಳುವುದು ತಪ್ಪಲ್ಲ. ಕಾಡುದಾರಿಗಾದರೆ ಟಾರ್ಕ್ ಕನ್ವರ್ಟರ್ ಬಗೆಯದ್ದು ಎ.ಎಂ.ಟಿ.ಗಿಂತ ವಾಸಿ. ಯಾವುದೇ ಆಗಲಿ, ಕೊಳ್ಳುವ ಮುನ್ನ ಮನೆಯವರನ್ನೆಲ್ಲ ಕೂರಿಸಿಕೊಂಡು ಒಂದು ಕಡಿದಾದ ಏರಿನಲ್ಲಿ ನಿಲ್ಲಿಸಿ, ಮತ್ತೆ ಹೊರಡಿಸಿ ನೋಡಬೇಕು. ಶೋರೂಮಿನ ಮುಂದಿನ ಸಮತಟ್ಟು ರಸ್ತೆ ಎಲ್ಲ ಬಂಡಿಯನ್ನೂ ಹೊಗಳುತ್ತದೆ.

ವಿದ್ಯುತ್ ವಾಹನಗಳು ಈ ಚರ್ಚೆಯನ್ನೇ ಬದಲಿಸುತ್ತಿವೆ. ಅವುಗಳಲ್ಲಿ ಸಾಮಾನ್ಯವಾಗಿ ಬದಲಿಸುವ ಗೇರೇ ಇರುವುದಿಲ್ಲ. ಇಳಿಯುವಾಗ ಮೋಟರು ಜನರೇಟರಾಗಿ ತಿರುಗಿ ಬಂಡಿಯನ್ನು ಹಿಡಿಯುತ್ತದೆ, ಬ್ಯಾಟರಿಗೆ ವಿದ್ಯುತ್ತನ್ನೂ ತುಂಬುತ್ತದೆ. ಹಂಡೆ ಹಂಡೆ ನೀರು ಕಾಯಿಸಬಲ್ಲ ಆ ಶಾಖ ಹೀಗೆ ಮರಳಿ ಕೈಗೆ ಸಿಗುವುದು ಚೆಂದದ ಸಂಗತಿ. ಘಟ್ಟದ ನೆತ್ತಿಯಲ್ಲೇ ಬ್ಯಾಟರಿ ಪೂರ್ತಿ ತುಂಬಿದ್ದರೆ ಮಾತ್ರ ಆ ಹಿಡಿತ ಕಡಿಮೆಯಾಗುತ್ತದೆ ಎಂಬುದು ನೆನಪಿರಬೇಕು.

ಕಲಿಯುವ ಮಕ್ಕಳಿಗೆ

ಮೊದಲು ಯಾವುದರಲ್ಲಿ ಕಲಿಯಬೇಕು? ನಮ್ಮ ದೇಶದಲ್ಲಿ ಕಾರಿನ ಪರವಾನಗಿಗೆ ಕೈಗೇರು, ಆಟೋಮ್ಯಾಟಿಕ್ ಎಂಬ ಭೇದವಿಲ್ಲ. ಒಂದೇ ಪರವಾನಗಿ ಎರಡಕ್ಕೂ ನಡೆಯುತ್ತದೆ. ಹೀಗಾಗಿ ಆಟೋಮ್ಯಾಟಿಕ್‌ನಲ್ಲಿ ಮಾತ್ರ ಕಲಿತವರೂ ಒಂದು ದಿನ ಊರಿನ ಜೀಪಿನ ಮುಂದೆ ನಿಲ್ಲಬೇಕಾಗಬಹುದು. ಕೈಗೇರಿನಲ್ಲಿ ಕಲಿತವರಿಗೆ ಆಟೋಮ್ಯಾಟಿಕ್ ಒಂದು ಗಂಟೆಯ ಪಾಠ. ಅದನ್ನು ತಿರುಗಿಸಿ ಹೇಳಲಾಗದು. ಗೇರಿನ ದನಿ ಕಿವಿಗೆ ಕಲಿತಿದ್ದರೆ ಮುಂದೆ ಯಾವ ಬಂಡಿಯಲ್ಲಿ ಕುಳಿತರೂ ಇಳಿಜಾರು ಬಂದಾಗ ಕೈ ತಾನಾಗಿ ಸಣ್ಣ ಗೇರನ್ನು ಹುಡುಕುತ್ತದೆ.

ಹದಿನೆಂಟು ತುಂಬುವವರೆಗೆ ಕಾರು, ಜೀಪಿನ ಸ್ಟಿಯರಿಂಗು ಮುಟ್ಟುವಂತಿಲ್ಲ. ಬಾಡಿಗೆ ಮತ್ತು ಸರಕು ಸಾಗಣೆಯ ವಾಹನಕ್ಕೆ ಇಪ್ಪತ್ತು ವರ್ಷ ಆಗಿರಬೇಕು. ‘ತೋಟದ ದಾರಿ ತಾನೆ’ ಎಂದು ಹೈಸ್ಕೂಲು ಹುಡುಗನ ಕೈಗೆ ಕೀಲಿಕೈ ಕೊಡುವ ಹಿರಿಯರು 2019ರ ತಿದ್ದುಪಡಿಯನ್ನು ತಿಳಿದಿರಬೇಕು. ಆ ಮಗುವಿನಿಂದ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆ ಮತ್ತು 25,000 ರೂಪಾಯಿ ದಂಡ, ವಾಹನದ ನೋಂದಣಿ ಒಂದು ವರ್ಷ ರದ್ದು, ಆ ಮಗುವಿಗೆ 25 ವರ್ಷವಾಗುವವರೆಗೆ ಪರವಾನಗಿ ಇಲ್ಲ.

ಘಟ್ಟದ ಇನ್ನೊಂದು ನಿಯಮವೂ ಇದೆ. ಇಕ್ಕಟ್ಟಿನ ಕಡಿದಾದ ದಾರಿಯಲ್ಲಿ ಇಳಿಯುವವರು ನಿಂತು ಹತ್ತುವವರಿಗೆ ದಾರಿ ಬಿಡಬೇಕು. ಹೊರೆ ಹೊತ್ತು ಹತ್ತುತ್ತಿರುವ ಲಾರಿ ಒಮ್ಮೆ ನಿಂತರೆ ಮತ್ತೆ ಹೊರಡುವುದು ಕಷ್ಟ. ಇದು ಕಾನೂನು, ಜತೆಗೆ ಮರ್ಯಾದೆಯೂ ಹೌದು.

ಗೇರು ಎಲ್ಲದಕ್ಕೂ ಉತ್ತರವಲ್ಲ. 2021ರ ಜುಲೈ ಮಳೆಯಲ್ಲಿ ಅರಬೈಲು ಘಟ್ಟದಲ್ಲಿ ಗುಡ್ಡ ಕುಸಿದು ಸಂಚಾರ ನಿಂತುಹೋಗಿತ್ತು. ಅದೇ ದಿನಗಳಲ್ಲಿ ಕಳಚೆಯ ತೋಟಗಳು ಮಣ್ಣಿನೊಂದಿಗೆ ಜಾರಿಹೋದವು. ಗುಡ್ಡವೇ ಇಳಿಯತೊಡಗಿದರೆ ಅದಕ್ಕೆ ಬ್ರೇಕು ಹಾಕುವ ಯಂತ್ರ ಇನ್ನೂ ಬಂದಿಲ್ಲ. ಮನುಷ್ಯನ ಕೈಯಲ್ಲಿರುವುದು ತನ್ನ ಬಂಡಿಯ ವೇಗ ಮಾತ್ರ.

ಸಂಜೆ ಕವಿದಾಗ ಇಡಗುಂದಿಯ ಹೆದ್ದಾರಿಯಲ್ಲಿ ಲಾರಿಗಳ ದೀಪದ ಸಾಲು ಶುರುವಾಗುತ್ತದೆ. ಘಟ್ಟದ ಕಡೆಗೆ ಸಾಗುವ ಒಂದೊಂದರ ದನಿಯೂ ಅಂಚಿಗೆ ಬಂದಾಗ ಕುಗ್ಗಿ, ಬಿಗಿದು, ಗಟ್ಟಿಯಾಗುತ್ತದೆ. ಕೈಯಿಂದ ಹಾಕಿದ ಗೇರೋ, ಯಂತ್ರ ಹಾಕಿದ ಗೇರೋ, ಆ ದನಿ ಮಾತ್ರ ಒಂದೇ. ಬಾಗಿಲಲ್ಲಿ ಕಾದು ಕುಳಿತವರಿಗೆ ಅದು ಕೇಳಿಸಿದರೆ ಸಾಕು, ಬಂಡಿ ಹಿಡಿತದಲ್ಲಿದೆ ಎಂಬ ಸಮಾಧಾನ.